ದನಿ ಕಾಯ್ದ ಕಂಡಕ್ಟರ್ ಕಾಕಾ

ಮಲ್ಲೇಶಕಾಕಾ ಎಲ್ಲಿಂದ ಎದ್ದರೂ, ಎದ್ದ ಜಾಗವನ್ನು ಒಮ್ಮೆ ತಿರುಗಿ ನೋಡದೆ ಹೆಜ್ಜೆ ಎತ್ತುತ್ತಿರಲಿಲ್ಲ. ಮದುವೆಯ ಪಂಕ್ತಿಯಿಂದ ಎದ್ದರೂ ಅಷ್ಟೇ, ಕ್ಷೌರದ ಕುರ್ಚಿಯಿಂದ ಎದ್ದರೂ ಅಷ್ಟೇ. ಸೊಂಟ ಬಗ್ಗಿಸಿ ತಮ್ಮ ಕುರ್ಚಿಯ ಕೆಳಗೆ ಇಣುಕುವರು, ಸಾಲದ್ದಕ್ಕೆ ಪಕ್ಕದವರ ಕುರ್ಚಿಯ ಕೆಳಗೂ ಇಣುಕುವರು. ಒಮ್ಮೆ ಸಾವಿನ ಮನೆಯಲ್ಲಿ ಹೀಗೆ ಚಾಪೆಯ ತುದಿ ಎತ್ತಿ ನೋಡತೊಡಗಿದಾಗ, ಅಳುತ್ತ ಕೂತಿದ್ದ ಹೆಂಗಸರು ಅಳುವುದನ್ನು ಬಿಟ್ಟು ‘ಏನ್ ಕಳೀತ್ರಿ?’ ಎಂದು ತಾವೂ ಹುಡುಕಲು ಎದ್ದಿದ್ದರು. ಬೈಲಹೊಂಗಲದಿಂದ ಮುರಗೋಡದ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರಿಕೆ ಮಾಡಿದ ಮನುಷ್ಯ. ಮಂದಿ ಸೀಟಿನ ಕೆಳಗೆ ಬಿಟ್ಟುಹೋದ ಛತ್ರಿ, ರೊಟ್ಟಿಯ ಬುತ್ತಿ, ಹೊಸ ಚಪ್ಪಲಿ, ಒಮ್ಮೆಯಂತೂ ನಿದ್ದೆ ಹೋಗಿದ್ದ ಕೂಸು, ಎಲ್ಲವನ್ನೂ ಹುಡುಕಿ ಹುಡುಕಿ ಮುಟ್ಟಿಸಿದವರು. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಕಣ್ಣು ಮಾತ್ರ ಡ್ಯೂಟಿ ಬಿಡಲಿಲ್ಲ.

ಅವರು ನನಗೆ ಸಂಬಂಧಿಕರಲ್ಲ. ಓಣಿಯಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ, ಅಷ್ಟೇ. ಆದರೆ ನಮ್ಮ ಕಡೆ ಎದುರು ಮನೆಯವರು ಸಂಬಂಧಿಕರಿಗಿಂತ ಹೆಚ್ಚು ಅಧಿಕಾರ ಚಲಾಯಿಸುತ್ತಾರೆ. ನಾನು ಊರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವವಳು. ಆ ಒಂದೇ ಕಾರಣಕ್ಕೆ ಕಾಕಾನ ಕಣ್ಣಿಗೆ ನಾನು ಕಂಪ್ಯೂಟರ್ ಡಾಕ್ಟರ್. ನನಗೆ ಬರುವುದು ದಿನಾ ಒತ್ತುವ ನಾಲ್ಕು ಗುಂಡಿಗಳಷ್ಟೇ ಎಂದು ಎಷ್ಟು ಸಲ ಬಾಯಿ ನೋಯಿಸಿಕೊಂಡರೂ ಕೇಳುವ ಆಸಾಮಿಯಲ್ಲ. ನಾನು ಕೆಲಸ ಮುಗಿಸಿ ಬಂದು ಚಹಾದ ಬೋಗುಣಿ ಒಲೆಯ ಮೇಲೆ ಇಡುವುದಕ್ಕೂ, ಕಾಕಾ ‘ಸುಜೀ, ಬಂದೀಯೇನವಾ’ ಎನ್ನುತ್ತ ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು.

ಆ ಕಂಪ್ಯೂಟರು ಅವರ ಮನೆಗೆ ಬಂದದ್ದು ಕಿತ್ತೂರಿನಿಂದ. ಒಬ್ಬಳೇ ಮಗಳು ಶೈಲಾಳನ್ನು ಅಲ್ಲಿಗೆ ಕೊಟ್ಟಿದ್ದರು. ಅಳಿಯನದು ಅಲ್ಲಿ ಒಂದು ಝೆರಾಕ್ಸ್ ಅಂಗಡಿ. ಆತ ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಮಾವನಿಗೆ ಕೊಟ್ಟ. ಕಾಕಾ ಅದರಲ್ಲಿ ಮೊಮ್ಮಕ್ಕಳ ಫೋಟೋ, ತಮ್ಮ ಮೊಬೈಲಿನಲ್ಲಿ ಹಿಡಿದ ವಿಡಿಯೋ ತುಂಬಿಡತೊಡಗಿದರು. ತುಂಬಿಟ್ಟ ಮೊದಲ ದಿನವೇ ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ, ಇದರ ಜೋಡಿ ಎಲ್ಲಿ? ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡುವುದಕ್ಕೆ ಕಾಕಾ ‘ಜೋಡಿ ಮಾಡೂದು’ ಎನ್ನುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಹಾಕಿಡಬಹುದು ಎಂದೆ. ಯಾರದೋ ಮನೆಯಲ್ಲಿ ನಮ್ಮ ಸಾಮಾನು ಯಾಕೆ ಎಂದು ಒಪ್ಪಲಿಲ್ಲ. ಅಂಗೈಯಷ್ಟು ದೊಡ್ಡದಾದ ಒಂದು ಹಾರ್ಡ್ ಡಿಸ್ಕ್ ತರಿಸಿದರು. ಅದು ಅವರ ಮನೆಯಲ್ಲಿ ಇರತಕ್ಕದ್ದಲ್ಲ, ನನ್ನ ಕಪಾಟಿನಲ್ಲಿ, ಸೀರೆಗಳ ನಡುವೆ ಇರತಕ್ಕದ್ದು ಎಂದೂ ಅವರೇ ಗೊತ್ತುಮಾಡಿದರು.

“ಎರಡೂ ಒಂದ ಮನ್ಯಾಗ ಇದ್ರ ಅದು ಜೋಡಿ ಅಲ್ಲವಾ. ಗಾಡಿ ಪಲ್ಟಿ ಆದ್ರ ಸ್ಟೆಪ್ನಿನೂ ಅದರ ಕೂಡನ ಹೊಂಡಕ್ಕ ಹೋಗತೈತಿ.”

ಜೋಡಿ ಮಾಡುವ ದಿನ ಸೋಮವಾರ. ಅವರದು ಮೂಲದಲ್ಲಿ ಒಕ್ಕಲುತನದ ಮನೆ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಕಾಕಾ ಹೊಲ ಬಿಟ್ಟು ಬಸ್ಸು ಹತ್ತಿ ಒಂದು ಕಾಲವಾಗಿತ್ತು, ಆದರೆ ಸೋಮವಾರವನ್ನು ಬಿಟ್ಟಿರಲಿಲ್ಲ. ಅಂದು ಕಂಪ್ಯೂಟರಿಗೂ ಸೂಟಿ. ಹೊಸ ಫೋಟೋ ಹಾಕುವಂತಿಲ್ಲ, ವಿಡಿಯೋ ನೋಡುವಂತಿಲ್ಲ, ಇದ್ದದ್ದನ್ನು ಜೋಡಿ ಮಾಡುವುದು ಮಾತ್ರ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ನನ್ನ ಕಪಾಟಿನಿಂದ ಡಿಸ್ಕ್ ಒಯ್ಯುವರು. ಪ್ರತಿ ಮಾಡಿಕೊಂಡು ಮರಳಿ ತರುವರು. ಅಲ್ಲಿಗೂ ಮುಗಿಯಲಿಲ್ಲ. ನನ್ನ ಕಂಪ್ಯೂಟರಿಗೆ ಜೋಡಿಸಿ ಒಂದೊಂದನ್ನೂ ತೆರೆದು ನೋಡಲೇಬೇಕು. ಎಲ್ಲ ಬಂದಿದೆ ಎಂದು ಪರದೆಯ ಮೇಲೆ ಬರೆದು ಬಂದರೂ ನಂಬಿಕೆಯಿಲ್ಲ. ಬೋರ್ಡ್ ನೋಡಿ ಬಸ್ಸು ಹತ್ತಿ ಬೇರೆ ಊರಿಗೆ ಹೋದ ಮಂದಿಯನ್ನು ನಾನು ಬೇಕಾದಷ್ಟು ಕಂಡಿದ್ದೇನೆ ಎನ್ನುವರು. ನನಗೋ ಆಫೀಸಿಗೆ ಹೊತ್ತಾಗಿ ತಲೆ ಬಿಸಿ. ಬೈದುಕೊಳ್ಳುತ್ತಲೇ ಕೂಡುತ್ತಿದ್ದೆ.

ಇನ್ನು ಗಂಗಾಕಾಕು. ಕಾಕಾನ ಹೆಂಡತಿ, ಸಿರಸಂಗಿಯ ಮಗಳು. ಅವರ ಬಗ್ಗೆ ಹೇಳುವುದೆಂದರೆ ಅವರ ದನಿಯ ಬಗ್ಗೆ ಹೇಳುವುದು. ಅವರು ಅಡುಗೆಮನೆಯಲ್ಲಿ ನಿಂತು ಕಾಕಾನನ್ನು ಊಟಕ್ಕೆ ಕರೆದರೆ, ಓಣಿಯ ತುದಿಯ ಗಂಡಸರೂ ಕೈ ತೊಳೆಯಬೇಕು, ಅಂಥ ಗಂಟಲು. ಮದುವೆ ಮನೆಗಳಲ್ಲಿ ಸೋಬಾನ ಪದಕ್ಕೆ ಕಾಕುನೇ ಮೊದಲು ದನಿ ಎತ್ತಬೇಕು, ಉಳಿದವರು ಹಿಂದೆ. ಜೀವನವೆಲ್ಲ ಕಾಕಾ ಅವರಿಗೆ ಹೇಳಿದ್ದು ಒಂದೇ ಮಾತು, ಸಣ್ಣಗೆ ಮಾತಾಡು, ನಾನೇನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೇನೆಯೇ ಎಂದು. ಜೀವನವೆಲ್ಲ ಕಾಕು ಕೊಟ್ಟ ಉತ್ತರವೂ ಒಂದೇ, ಸಣ್ಣಗೆ ಹೇಳಿದ್ದನ್ನು ನೀವು ಎಂದು ಕೇಳಿದ್ದೀರಿ ಎಂದು.

ಆ ದನಿ ಒಂದು ಬೇಸಿಗೆಯಲ್ಲಿ ಒಡೆಯಿತು. ಮೊದಲು ಉಪ್ಪಿನಕಾಯಿಯ ಖಾರ ಅಂದರು, ಆಮೇಲೆ ಧೂಳು ಅಂದರು, ಕಷಾಯ ಕುಡಿದರು. ಬೆಳಗಾವಿಯ ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿ ಹೇಳಿದ್ದೇ ಬೇರೆ. ಗಡ್ಡೆ ಕೆಟ್ಟದ್ದು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಮುಂದಿನ ವಾರವೇ ಆಪರೇಷನ್. ಊರಿಗೆ ಮರಳಿದ ಸಂಜೆ ಕಾಕಾ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತರು. 

“ಸುಜೀ, ಆಕೀ ದನಿ ಒಂದ ಐತಿ. ಜೋಡಿ ಇಲ್ಲ,” ಎಂದರು.

ಮರುದಿನದಿಂದಲೇ ಶುರುವಾಯಿತು. ಕಾಕಾನ ಮೊಬೈಲನ್ನು ನಾನು ಹಿಡಿಯುವುದು, ಎದುರಿಗೆ ಕಾಕಾ ಕೂತು ಮಾತಿಗೆ ಎಳೆಯುವುದು. ಕಾಕು ಮೊದಲಿಗೆ ಬಾಯಿಯನ್ನೇ ತೆರೆಯಲಿಲ್ಲ. ಹೆಣದ ಫೋಟೋ ತೆಗೆಯುವ ಹಾಗೆ ಸುತ್ತ ಕೂತಿದ್ದೀರಲ್ಲ ಎಂದು ಕಣ್ಣೀರು ಹಾಕಿ ಸೆರಗು ಮುಚ್ಚಿಕೊಂಡರು. ನನಗೆ ಮೊಬೈಲ್ ಬೀಸಿ ಒಗೆದು ಎದ್ದುಹೋಗಬೇಕು ಅನಿಸಿತು. ಕಾಕಾ ಮಾತ್ರ ಜಗ್ಗಲಿಲ್ಲ. ನನ್ನ ಕಡೆ ತಿರುಗಿ, ಸಿರಸಂಗಿಯವರಿಗೆ ಏನು ಬಂದರೂ ಎಣ್ಣೆಗಾಯಿ ಬರುವುದಿಲ್ಲ ಬಿಡು, ಎಣ್ಣೆಗಾಯಿ ಅಂದರೆ ನಮ್ಮವ್ವ ಮಾಡುತ್ತಿದ್ದಳು ಎಂದರು. ಸೆರಗು ಸರಿಯಿತು.

“ನಿಮ್ಮವ್ವಗ ಎಣ್ಣಿಗಾಯಿ ಕಲಿಸಿದಾಕಿನ ನಾನು! ಎದಿ ಮ್ಯಾಲ ಕೈ ಇಟ್ಟು ಹೇಳ್ರಿ ಸುಳ್ಳಂತ.”

ಅಲ್ಲಿಂದ ಮುಂದೆ ಅತ್ತೆಯ ಬದನೆಕಾಯಿ, ನಾದಿನಿಯ ಮದುವೆಯಲ್ಲಿ ಸಾಲದೆ ಹೋದ ಹೋಳಿಗೆ, ಕಾಕಾ ತಮ್ಮ ಮದುವೆಯ ಮರುವಾರವೇ ಡ್ಯೂಟಿಗೆ ಹೋಗಿ ಬರದೆ ಉಳಿದದ್ದು, ಒಂದಾದ ಮೇಲೊಂದು ಬಂತು. ದನಿ ಒಡೆದಿತ್ತು, ನಡುನಡುವೆ ಕೆಮ್ಮು ಬರುತ್ತಿತ್ತು, ಆದರೆ ಅದು ಕಾಕುವಿನದೇ ದನಿ. ದಿನಾ ಹೀಗೆ ಜಗಳ ತೆಗೆದು ತೆಗೆದು ಕಾಕಾ ಅವರಿಂದ ಮಾತು ಹೊರಡಿಸಿದರು. ಜಗಳಕ್ಕೆ ಬಗ್ಗದ ದಿನ ಪದ ಹಾಡಿಸಿದರು, ಬೀಸುವ ಪದ, ತೊಟ್ಟಿಲ ಪದ. ಮೊಬೈಲಿನಲ್ಲಿ ಜಾಗ ಸಾಲದೆ ನಾನು ಅಂದಂದಿನದನ್ನು ಅವರ ಕಂಪ್ಯೂಟರಿಗೆ ಹಾಕಿ, ಮೊಬೈಲಿನಿಂದ ಅಳಿಸುತ್ತಿದ್ದೆ. ಬೆಳಗಾವಿಗೆ ಹೊರಡುವ ಹಿಂದಿನ ಸಂಜೆ ಕಾಕು ಮೊಮ್ಮಕ್ಕಳ ಹೆಸರು ಹಿಡಿದು ಕರೆದರು, ಊಟಕ್ಕೆ ಕರೆಯುವ ಹಾಗೆ. ಆಮೇಲೆ ಮೊಬೈಲಿನ ಮೇಲೆ ಅಂಗೈ ಇಟ್ಟರು.

“ಸಾಕ್ರಿ. ಇದನ್ನ ನನ್ನ ಕಿವಿಗಿ ಮಾತ್ರ ಎಂದೂ ಹಾಕಬ್ಯಾಡ್ರಿ.”

ಆಪರೇಷನ್ ಸರಿಯಾಯಿತು. ಕಾಕು ಮನೆಗೆ ಬಂದರು. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ರಂಧ್ರ, ಅದರ ಮೇಲೆ ತೆಳು ಬಟ್ಟೆ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಟ್ಟಿದ್ದರು. ಒಮ್ಮೆ ಹಿಡಿದು ನೋಡಿ, ಹೊರಟ ಗುಂಯ್‌ಗುಟ್ಟುವ ಸದ್ದಿಗೆ ತಾವೇ ಬೆಚ್ಚಿ, ಅದನ್ನು ಟ್ರಂಕಿನ ತಳಕ್ಕೆ ಹಾಕಿದರು. ಆಮೇಲೆ ಚಪ್ಪಾಳೆ, ಕೈಸನ್ನೆ, ತುಟಿಯ ಚಲನೆ, ಸಿಟ್ಟು ಬಂದರೆ ತಾಟಿಗೆ ಸೌಟಿನ ಏಟು. ತನ್ನ ಕಿವಿಗೆ ಹಾಕಬೇಡಿ ಎಂದಿದ್ದ ಹೆಂಡತಿಯ ಮಾತನ್ನು ಕಾಕಾ ಮೀರಲಿಲ್ಲ. ಸೋಮವಾರ ನನ್ನ ಮನೆಯಲ್ಲಿ ಡಿಸ್ಕ್ ತೆರೆದಾಗ ದನಿ ಸಣ್ಣಗೆ ಇಟ್ಟು, ಕಿಟಕಿ ಹಾಕಿ ಕೇಳುವರು. ಸಣ್ಣಗೆ ಮಾತಾಡು ಎಂದು ಬೈಯುತ್ತಿದ್ದ ಮನುಷ್ಯ ಕಿವಿಯನ್ನು ಸ್ಪೀಕರಿಗೆ ಅಂಟಿಸಿಕೊಂಡು ಕೂಡುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ನಾನು ಚಹಾದ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಆ ವರ್ಷದ ಮಹಾನವಮಿ ಬಂತು. ನಮ್ಮ ಕಡೆ ಅಂದು ಖಂಡೇಪೂಜೆ. ಕುಡಗೋಲು, ಈಳಿಗೆ, ಹೊಲಿಗೆ ಯಂತ್ರ, ಅಂದರೆ ಮನೆಯಲ್ಲಿ ದುಡಿದ ಯಾವುದಕ್ಕೂ ಪೂಜೆ ತಪ್ಪಬಾರದು. ಪೂಜೆಗೆ ಇಟ್ಟಮೇಲೆ ಮರುದಿನ ಬನ್ನಿ ಮುಡಿಯಲು ಹೋಗುವ ಮುಂಚೆ ಆರತಿ ಮಾಡಿ ಕದಲಿಸುವವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ. ಬೆಳಿಗ್ಗೆಯೇ ಕಾಕಾ ಬಂದು ಡಿಸ್ಕ್ ಕೇಳಿದರು. ನನಗೆ ಸರಿ ಬರಲಿಲ್ಲ. ಎರಡೂ ಒಂದೇ ಮನೆಯಲ್ಲಿ ಇರಬಾರದು ಎಂದವರು ನೀವೇ ಅಲ್ಲವೇ ಎಂದು ಕೇಳಿದೆ. ಕಾಕಾ ನಕ್ಕರು.

“ಒಂದ ದಿವಸದ ಮಾತವಾ. ಉಳದದ್ದೆಲ್ಲಾ ದೇವರ ಮುಂದ ಕುಂತು, ಇದೊಂದ ಕಪಾಟಿನ್ಯಾಗ ಇದ್ರ ಹೆಂಗ? ಅದರಾಗ ಏನೈತಿ ಅಂತ ನಿನಗ ಗೊತ್ತೈತಲ್ಲ.”

ದೇವರ ಹೆಸರು ಬಂದ ಮೇಲೆ ವಾದ ಮಾಡುವುದೇನು. ಒಯ್ದರು. ಮಧ್ಯಾಹ್ನ ನಾನು ಆರತಿಗೆ ಹೋದಾಗ ನೋಡುತ್ತೇನೆ, ಗೋಡೆಗೆ ಆನಿಸಿ ಕಬ್ಬು, ಜೋಳದ ದಂಟು ಕಟ್ಟಿ ಚೆಂದದ ಮಂಟಪ ಮಾಡಿದ್ದಾರೆ. ನಡುವೆ ತುಂಬಿದ ಕಳಸ, ಪಕ್ಕದಲ್ಲಿ ಎಣ್ಣೆ ತುಂಬಿದ ದೀಪದ ಸಮೆ, ಕುಡಗೋಲು, ಈಳಿಗೆ, ಕಾಕಾ ಬಸ್ಸಿನಲ್ಲಿ ಊದುತ್ತಿದ್ದ ಹಳೆಯ ಸೀಟಿ. ಮಂಟಪದ ಕೆಳಗೇ ಕಂಪ್ಯೂಟರಿನ ಪೆಟ್ಟಿಗೆ, ಅದರ ಕಾಲಬುಡದಲ್ಲಿ ಹಣೆಗೆ ಕುಂಕುಮ ಹಚ್ಚಿಸಿಕೊಂಡ ಹಾರ್ಡ್ ಡಿಸ್ಕ್. ಕಂಪ್ಯೂಟರನ್ನು ಆರಿಸಿರಲಿಲ್ಲ. ಪರದೆಯ ಮೇಲೆ ದೇವಿಯ ಚಿತ್ರ ಬೆಳಗುತ್ತಿತ್ತು. ಆರಿದ ಪೆಟ್ಟಿಗೆಗೆ ಪೂಜೆ ಮಾಡಿದರೆ ಏನು ಶೋಭೆ ಎಂಬುದು ಕಾಕಾನ ಲೆಕ್ಕ. ಆರತಿಯಾಯಿತು. ಕಾಕು ನನಗೆ ಕಡುಬು ಕೊಡಲು ಒಳಗೆ ಕರೆದೊಯ್ದರು.

ಹೊರಗೆ ಧಡ್ ಎಂದಿತು. ಗೋಡೆಯ ಮೊಳೆ ಕಿತ್ತುಬಂದು, ಕಬ್ಬಿನ ಭಾರಕ್ಕೆ ಇಡೀ ಮಂಟಪ ಮುಂದಕ್ಕೆ ಮಗುಚಿತ್ತು. ಕಳಸ ಉರುಳಿ ನೀರೆಲ್ಲ ಕಂಪ್ಯೂಟರಿನ ಮೇಲೆ. ಚಟ್ ಎಂಬ ಸದ್ದು, ಸುಟ್ಟ ವಾಸನೆ, ದೇವಿಯ ಚಿತ್ರ ಹೋಗಿ ಪರದೆ ಕಪ್ಪಾಯಿತು. ನಾನು ಓಡಿಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದೆ. ತಿರುಗಿ ನೋಡಿದರೆ ಸಮೆಯ ಎಣ್ಣೆ, ಕಳಸದ ನೀರು, ಕುಂಕುಮ ಎಲ್ಲ ಕೂಡಿ ನೆಲದ ಮೇಲೆ ಮಡುವಾಗಿ ನಿಂತಿದೆ. ಅದರೊಳಗೆ ಡಿಸ್ಕ್.

ಕಾಕಾ ಅದರ ಮುಂದೆಯೇ ನಿಂತಿದ್ದರು. ಕೈ ಚಾಚಿದರು, ಹಿಂದಕ್ಕೆ ತೆಗೆದರು. ಮತ್ತೆ ಚಾಚಿದರು. ತುಟಿಯಲ್ಲೇ ‘ಕದಲಿಸಿಲ್ಲ, ಇನ್ನೂ ಕದಲಿಸಿಲ್ಲ’ ಎನ್ನುತ್ತಿದ್ದರು. ನಾನಾದರೂ ಎತ್ತಬಹುದಿತ್ತಲ್ಲ ಎಂದರೆ, ನಿಜ, ಆದರೆ ಹುಟ್ಟಿದಾಗಿನಿಂದ ‘ಪೂಜಿ ಮುಟ್ಟಬ್ಯಾಡ’ ಎಂದು ಕೇಳಿ ಬೆಳೆದ ಕೈಗೆ ಅಷ್ಟು ಬೇಗ ಬುದ್ಧಿ ಬರುವುದಿಲ್ಲ. ಅಷ್ಟರಲ್ಲಿ ನನ್ನನ್ನು ತಳ್ಳಿಕೊಂಡು ಕಾಕು ಮುಂದೆ ಹೋದರು. ಬಿದ್ದ ಕಬ್ಬನ್ನು ಕಾಲಿನಿಂದ ಸರಿಸಿ, ಹಸ್ತ ಮುಳುಗಿಸಿ ಡಿಸ್ಕ್ ಎತ್ತಿ, ಹಬ್ಬಕ್ಕೆ ಉಟ್ಟಿದ್ದ ಹೊಸ ಸೀರೆಯ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡರು. ಕುತ್ತಿಗೆಯ ಬಟ್ಟೆ ಏದುಸಿರಿಗೆ ಹಾರಾಡುತ್ತಿತ್ತು. ಆ ದನಿ ತಮ್ಮ ಕಿವಿಗೆ ಬೀಳಬಾರದು ಎಂದಿದ್ದ ಹೆಂಗಸು!

ಅಳಿಯ ಸಂಜೆ ಕಿತ್ತೂರಿನಿಂದ ಓಡಿ ಬಂದ. ಡಿಸ್ಕನ್ನು ಚೆನ್ನಾಗಿ ಒರೆಸಿ, ಗಾಳಿಗೆ ಇಟ್ಟು, ಪೂರ್ತಿ ಒಣಗುವವರೆಗೆ ಕರೆಂಟಿಗೆ ತೋರಿಸಲೇಬಾರದು ಎಂದ. ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ ಒಳಗಿನದನ್ನು ಹುಬ್ಬಳ್ಳಿಗೆ ಒಯ್ದ. ಅಲ್ಲಿಂದ ಫೋನು ಬಂತು. ಸುಟ್ಟಿದೆ, ಏನೂ ಬರುವುದಿಲ್ಲ. ಅಂದರೆ ಕಾಕುವಿನ ದನಿ ಇದ್ದರೆ ಈಗ ಆ ಎಣ್ಣೆ ಕುಡಿದ ಡಿಸ್ಕಿನಲ್ಲಿ ಮಾತ್ರ ಇತ್ತು. ಇಲ್ಲದಿದ್ದರೆ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಆ ದಿನಗಳಲ್ಲಿ ಕಾಕಾ ಮನೆಯಲ್ಲಿ ನಿಲ್ಲಲಿಲ್ಲ. ನನ್ನ ಮನೆಗೆ ಬರುವರು, ಫ್ಯಾನಿನ ಕೆಳಗೆ ಬಿಳಿ ಬಟ್ಟೆಯ ಮೇಲೆ ಮಲಗಿದ್ದ ಡಿಸ್ಕನ್ನು ನೋಡುವರು, ಹೋಗುವರು, ಮತ್ತೆ ಬರುವರು. ಆಸ್ಪತ್ರೆಯಲ್ಲಿ ಹೆಂಡತಿ ಮಲಗಿದ್ದಾಗಲೂ ಅವರನ್ನು ಹಾಗೆ ನಾನು ನೋಡಿರಲಿಲ್ಲ. ಕರೆಂಟು ಹೋದರೆ ಬೀಸಣಿಕೆ ಹಿಡಿದು ಕೂಡುವರು. ಹಚ್ಚಿ ನೋಡೋಣವೇ ಎಂದು ಅವರು ಕೇಳುವುದು, ಬೇಡ ಎಂದು ನಾನು ರೇಗುವುದು. ಒಮ್ಮೆ ನಾನು ರೇಗಿದ್ದು ಹೆಚ್ಚಾಯಿತು. 

“ಮಂದಿ ಸಾಮಾನು ಜೀವದಂಗ ಕಾಯ್ದೆ ಸುಜೀ. ನಂದು ನನ್ನ ಕೈಲೇನ ಹೋತಲ್ಲ,” ಎಂದಷ್ಟೇ ಅಂದರು.

ಬರುವ ಸೋಮವಾರ ನೋಡೋಣ ಎಂದೆ. ಸೋಮವಾರ ಬಂತು. ಆಫೀಸಿಗೆ ರಜೆ ಹಾಕಿದ್ದೆ. ಅಳಿಯ ಹೊಸದೊಂದು ಡಿಸ್ಕ್ ತಂದುಕೊಟ್ಟು ಅಂಗಡಿ ತೆರೆಯಲು ಹೋಗಿದ್ದ. ಕಾಕಾ ಕುರ್ಚಿ ಕೊಟ್ಟರೂ ಕೂಡದೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ಹಾಗೆ ಕಿಟಕಿಯ ಸರಳು ಹಿಡಿದು ನಿಂತರು. ವಯರು ಚುಚ್ಚಿದೆ. ಏನೂ ಆಗಲಿಲ್ಲ. ದೀಪವಿಲ್ಲ, ಸದ್ದಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಇಲ್ಲ. ಕಾಕಾನ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ. ಡಿಸ್ಕಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಅಂಟಿಕೊಂಡಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಅಳಿಯ ಕೊಟ್ಟಿದ್ದ ಸ್ಪಿರಿಟ್ಟಿನಲ್ಲಿ ಅದ್ದಿ, ಕಿವಿ ಒರೆಸಿದ ಹಾಗೆ ಮೆಲ್ಲಗೆ ಒರೆಸಿದೆ. ಹತ್ತಿ ಕೆಂಪಾಗಿ ಬಂತು. ಅದು ಆರಿದ ಮೇಲೆ ಇನ್ನೊಮ್ಮೆ ಚುಚ್ಚಿದೆ. ಸಣ್ಣ ನೀಲಿ ದೀಪ ಹತ್ತಿತು.

ಕಡತಗಳು ಕಂಡವು. ಕಂಡವು ಎಂದು ಹಿಗ್ಗುವಂತಿರಲಿಲ್ಲ. ಕಾಕಾನ ಭಾಷೆಯಲ್ಲಿ ಇದಿನ್ನೂ ಬೋರ್ಡ್ ಮಾತ್ರ. ಮೊದಲು ನನ್ನ ಕಂಪ್ಯೂಟರಿಗೆ ಪ್ರತಿ ಮಾಡಲು ಹಚ್ಚಿದೆ. ಹಸಿರು ಗೆರೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯತೊಡಗಿತು. ಅರ್ಧ ದಾರಿಯಲ್ಲಿ ನಿಂತೇಬಿಟ್ಟಿತು. ಡಿಸ್ಕಿನೊಳಗೆ ಟಿಕ್ ಟಿಕ್ ಎಂಬ ಸದ್ದು. ವಯರು ತೆಗೆದರೆ ಇದ್ದದ್ದೂ ಹೋದೀತು, ತೆಗೆಯದಿದ್ದರೆ ಸುಟ್ಟೀತು. ನನಗೆ ತಿಳಿಯದು, ಕೇಳಲು ಯಾರೂ ಇಲ್ಲ. ಮುಟ್ಟಬೇಡ ಎಂದು ಕಾಕಾ ಮೆಲ್ಲಗೆ ಹೇಳಿದರು. ಘಟ್ಟ ಹತ್ತುವ ಗಾಡಿಗೆ ಕೆಲವೊಮ್ಮೆ ಉಸಿರು ಕಟ್ಟುತ್ತದೆ, ಡ್ರೈವರ್ ಗಾಬರಿಯಾಗಬಾರದು ಎಂದರು. ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಗೆರೆ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಕೊನೆ ಮುಟ್ಟಿತು. ಅಲ್ಲಿಂದ ಹೊಸ ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಇನ್ನು ತೆರೆದು ಕೇಳಬೇಕು. ಕಿಟಕಿ ಹಾಕಲು ತಿರುಗಿದರೆ ಹೊಸ್ತಿಲಲ್ಲಿ ಗಂಗಾಕಾಕು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕರೆದು ಹೇಳಲು ಅವರಿಗೆ ದನಿಯಿಲ್ಲ, ನೋಡಲು ನಮಗೆ ವ್ಯವಧಾನವಿರಲಿಲ್ಲ. ಕಾಕಾ ತಪ್ಪು ಮಾಡಿದ ಹುಡುಗನ ಹಾಗೆ ಹೆಂಡತಿಯ ಮುಖ ನೋಡಿದರು. ನೀನು ಮನೆಗೆ ಹೋಗು, ಇದು ನಿನಗೆ ಬೇಡ ಎಂದರು. ಕಾಕು ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಪರದೆಯ ಕಡೆ ಬೆರಳು ತೋರಿಸಿದರು. ಹಚ್ಚು.

ಹಚ್ಚಿದೆ. ನಿಮ್ಮವ್ವನಿಗೆ ಎಣ್ಣೆಗಾಯಿ ಕಲಿಸಿದವಳೇ ನಾನು ಎಂದು ಆ ಒಡಕು ದನಿ ಕೋಣೆಯ ತುಂಬ ಎದ್ದಿತು. ಕಾಕು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದು ನಾನು ನಿಲ್ಲಿಸಲು ಹೋದೆ. ಅಳುತ್ತಿರಲಿಲ್ಲ. ಭುಜ ಕುಣಿಯುತ್ತಿದ್ದವು, ಕಣ್ಣಲ್ಲಿ ನೀರಿತ್ತು, ಸದ್ದೇ ಇಲ್ಲದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಕಾ ಆಗ ಕಿಟಕಿಯ ಸರಳು ಬಿಟ್ಟು ನೆಲದ ಮೇಲೆ ಕುಸಿದು ಕೂತು, ಗಂಡಸು ಎಂಬುದನ್ನೂ ಮರೆತು ಅತ್ತುಬಿಟ್ಟರು. ಆ ಮನುಷ್ಯನನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ನನಗೆ ತಿಳಿದದ್ದು ಅಂದೇ.

ಆಮೇಲೆ ಜೋಡಿ ಸಾಲದೆಂದು ಕಾಕಾ ಮೂರನೆಯ ಪ್ರತಿಯನ್ನು ಕಿತ್ತೂರಿನ ಅಳಿಯನ ಮನೆಯಲ್ಲಿ ಇಡಿಸಿದರು. ಮನೆಗೆ ಬೇರೊಂದು ಕಂಪ್ಯೂಟರ್ ಬಂತು, ಅದಕ್ಕೂ ಎಲ್ಲವನ್ನೂ ತುಂಬಿಕೊಟ್ಟೆ. ಮುಂದಿನ ಖಂಡೇಪೂಜೆಗೆ ಡಿಸ್ಕ್ ಕೇಳಲು ಬರಲಿಲ್ಲ. ನನ್ನ ಕಪಾಟಿನ ಬಾಗಿಲಿಗೇ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಹೋದರು. ದೇವರಿಗೂ ಅಷ್ಟು ತಿಳಿಯುತ್ತದೆ ಎಂದರು.

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಮಗಳ ಊರಿಗೆ ಹೊರಟ ಕಾಕಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಲ್ಲೇ ಒರಗಿದರು. ಕಿತ್ತೂರಿನ ಬಸ್ಸು ಬಂದು ನಿಂತರೂ ಏಳಲಿಲ್ಲವೆಂದು, ಗುರುತಿದ್ದ ಕಂಡಕ್ಟರೊಬ್ಬ ಎಬ್ಬಿಸಲು ಹೋಗಿ ತಿಳಿದದ್ದು. ಹೃದಯ ನಿಂತಿತ್ತು. ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ನಿನ್ನೆ ಸಂಜೆಯಷ್ಟೇ ಚಹಾ ಕುಡಿದು, ಕಿತ್ತೂರಿಗೆ ಹೋಗಿ ನಾಳೆ ಸಂಜೆಗೆ ಬಂದೇಬಿಡುತ್ತೇನೆ ಎಂದು ಹೋದ ಮನುಷ್ಯ.

ಕಾರ್ಯ ಮುಗಿದ ಮೇಲೆ ಒಂದು ದಿನ ಶೈಲಾ ತನ್ನ ಮೊಬೈಲು, ಗಂಡನ ಮೊಬೈಲು, ಅಪ್ಪನ ಮೊಬೈಲು ಮುಂದೆ ಹಾಕಿಕೊಂಡು ಕೂತಿದ್ದಳು. ಅಪ್ಪನ ದನಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದಳು. ಮೊಮ್ಮಕ್ಕಳ ವಿಡಿಯೋ ಹಿಡಿಯುವಾಗ ಕಾಕಾ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಕೂಸುಗಳ ದನಿ ಕೆಡುತ್ತದೆ ಎಂದು. ಫೋಟೋದಲ್ಲಂತೂ ಇಲ್ಲವೇ ಇಲ್ಲ, ಯಾವಾಗಲೂ ಹಿಡಿಯುವವರೇ ಅವರು.

“ಅವ್ವನ ದನಿಗೆ ಮೂರ್ ಮೂರು ಜೋಡಿ ಮಾಡಿಟ್ಟ ನಮ್ಮಪ್ಪ. ತನ್ನದು ಒಂದೂ ಇಡಲಿಲ್ಲ ನೋಡಕ್ಕಾ,” ಎಂದು ಬಿಕ್ಕಿದಳು.

ಮೂಲೆಯಲ್ಲಿ ಕೂತಿದ್ದ ಕಾಕು ಚಪ್ಪಾಳೆ ತಟ್ಟಿದರು. ಎದ್ದು ಹೋಗಿ ಕಂಪ್ಯೂಟರ್ ಹಚ್ಚಿದರು. ಅವರಿಗೆ ಅದನ್ನು ಹಚ್ಚಲು ಬರುತ್ತದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಡ್ಯೂಟಿಗೆ ಹೋಗಿ ಬರದೆ ಉಳಿದ ಕಥೆಯನ್ನು ತೆರೆದರು. ಕಾಕುವಿನ ದನಿ ಬಂತು. ಎಷ್ಟು ಸ್ವಚ್ಛ ಕೇಳುತ್ತದೆ ನೋಡಿರಿ ಎಂದು ನಾನು ಅವರನ್ನು ಸಮಾಧಾನಿಸಲು ಹೋದೆ. ಅದಲ್ಲ ಎಂದು ಕೈ ಬೀಸಿದರು. ಮುಂದಕ್ಕೆ ಜಗ್ಗಿದರು, ತಮ್ಮ ಮಾತನ್ನೆಲ್ಲ ದಾಟಿಸಿ ದಾಟಿಸಿ ಒಂದು ಕಡೆ ಬಿಟ್ಟರು, ದನಿ ಏರಿಸಿದರು. ಕಾಕು ಕೆಮ್ಮುತ್ತ ಮಾತು ನಿಲ್ಲಿಸಿದ ಜಾಗ ಅದು. ಆ ಕೆಮ್ಮಿನ ಆಚೆ, ಎದುರಿಗೆ ಕೂತಿದ್ದ ಮಲ್ಲೇಶಕಾಕಾ ಮೆತ್ತಗೆ ಕೇಳುತ್ತಾರೆ.

“ಹೂಂ. ಮುಂದ ಹೇಳು.”

ಎಲ್ಲದರಲ್ಲೂ ಇದ್ದರು. ಎಣ್ಣೆಗಾಯಿಯ ನಡುವೆ, ಹೋಳಿಗೆಯ ನಡುವೆ, ಪದದ ಎರಡು ನುಡಿಗಳ ನಡುವೆ. ಎಲ್ಲೆಲ್ಲಿ ಇದ್ದಾರೆ ಎಂಬುದು ಕಾಕುಗೆ ಕಂಠಪಾಠವಾಗಿತ್ತು. ಶೈಲಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು. ನಾವು ಉಳಿಸಿದ್ದು ಒಂದೇ ದನಿ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಈಗಲೂ ಮಧ್ಯಾಹ್ನ ಎದುರು ಮನೆಯ ಕಿಟಕಿಯಿಂದ ಕಾಕಾನ ದನಿ ಓಣಿಗೆ ಕೇಳಿ ಬರುತ್ತದೆ. ನಾನು ರಜೆಯಿದ್ದ ದಿನ ಹೋಗಿ ಹಿಂದೆ ಕೂಡುತ್ತೇನೆ. ಕಾಕು ಅದರಲ್ಲಿರುವ ತಮ್ಮ ಮಾತು ಬರಗೊಡುವುದಿಲ್ಲ. ‘ಮುಂದ ಹೇಳು’ ಎಂದು ಗಂಡ ಅಂದ ಕೂಡಲೇ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಪರದೆಯ ಕಡೆ ಸ್ವಲ್ಪ ಬಾಗಿ, ತುಟಿ ಅಲ್ಲಾಡಿಸುತ್ತ, ಮುಂದಿನದನ್ನು ಹೇಳುತ್ತಾರೆ.